ಬಂಕಿನಲ್ಲಿ ಕಟ್ಟಿದ ಗುರಾಣಿ

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಮಾರ್ಚ್ ಹೊತ್ತಿಗೆ ಕಚ್ಚಾ ತೈಲ ಬ್ಯಾರೆಲ್‌ಗೆ 120 ಡಾಲರ್ ದಾಟಿತು. ತನಗೆ ಬೇಕಾದ ತೈಲದಲ್ಲಿ ಸುಮಾರು ಶೇ 85ರಷ್ಟನ್ನು ಹೊರಗಿನಿಂದ ತರಿಸುವ ಭಾರತ ಆ ಪೆಟ್ಟನ್ನು ತಡೆದುಕೊಂಡಿತು. ಅದಕ್ಕೆ ಕೇಂದ್ರದ ವಿತ್ತ ನೀತಿಯನ್ನು ಹೊಗಳುವವರು ಎರಡು ವರ್ಷ ಹಿಂದಿನ ಲೆಕ್ಕವನ್ನೂ ತೆಗೆದು ನೋಡಬೇಕು.

2020ರಲ್ಲಿ ಕೋವಿಡ್‌ನಿಂದ ತೈಲ ಬೆಲೆ ಕುಸಿದಾಗ ಸರ್ಕಾರ ಗಾಳಿ ಬಂದಾಗ ತೂರಿಕೊಂಡಿತು. ಲೀಟರ್ ಪೆಟ್ರೋಲಿನ ಅಬಕಾರಿ ಸುಂಕ 19.98 ರೂಪಾಯಿಯಿಂದ 32.98ಕ್ಕೆ, ಡೀಸೆಲ್‌ನದು 15.83ರಿಂದ 31.83ಕ್ಕೆ ಏರಿತು. ಅಗ್ಗದ ತೈಲದ ಲಾಭ ಜನರ ಕೈಗೆ ಬರದೆ ಬೊಕ್ಕಸ ಸೇರಿತು. 2021ರ ನವೆಂಬರ್ ಮತ್ತು 2022ರ ಮೇನಲ್ಲಿ ಸುಂಕ ಇಳಿಸಲು ಆಸ್ಪದ ಉಳಿದದ್ದು ಆ ಏರಿಕೆಯಿಂದಲೇ. ಎರಡೂ ಕಡಿತಗಳ ನಂತರ ಸುಂಕ ಬಂದು ನಿಂತದ್ದು ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ. ಕೊಡುಗೆ ಎನ್ನುವಂಥದ್ದೇನೂ ಅಲ್ಲಿರಲಿಲ್ಲ.

ಗೊಬ್ಬರದ ವಿಷಯದಲ್ಲಿ ನನ್ನ ತಕರಾರಿಲ್ಲ. 2022-23ರ ಬಜೆಟ್‌ನಲ್ಲಿ ಸುಮಾರು 1.05 ಲಕ್ಷ ಕೋಟಿ ರೂಪಾಯಿಯಿದ್ದ ಸಬ್ಸಿಡಿ ವರ್ಷ ಮುಗಿಯುವಾಗ 2.5 ಲಕ್ಷ ಕೋಟಿ ಮುಟ್ಟಿತು. 45 ಕಿಲೋ ಯೂರಿಯಾ ಚೀಲ 266.50 ರೂಪಾಯಿಯಲ್ಲೇ ಉಳಿಯಿತು. ಇಷ್ಟಾದರೂ ವಿತ್ತೀಯ ಕೊರತೆ ಜಿಡಿಪಿಯ ಶೇ 6.4ಕ್ಕೆ, ಹಿಂದಿನ ವರ್ಷಕ್ಕಿಂತ ಕೆಳಗೆ ಇಳಿಯಿತು. (ಬೆಲೆಯೇರಿಕೆಯಿಂದ ತೆರಿಗೆ ಸಂಗ್ರಹವೂ ಉಬ್ಬುತ್ತದೆ. ಇದನ್ನು ಬಜೆಟ್ ಭಾಷಣಗಳಲ್ಲಿ ಹುಡುಕಬೇಡಿ.)

ತೈಲ ಸುಂಕಕ್ಕೆ ಮಾತ್ರ ನಿಯಮವೇ ಇಲ್ಲ. ಯಾವ ಬೆಲೆಗೆ ಏರಿಸಬೇಕು, ಯಾವಾಗ ಇಳಿಸಬೇಕು ಎಂಬುದನ್ನು ಯಾವ ಕಾನೂನೂ ಹೇಳುವುದಿಲ್ಲ. ನವೆಂಬರ್ ಕಡಿತ ಬಂದದ್ದು ಉಪಚುನಾವಣೆ ಫಲಿತಾಂಶದ ಮರುದಿನ. ಅಲ್ಲಿಂದ ಐದು ರಾಜ್ಯಗಳ ಚುನಾವಣೆ ಮುಗಿಯುವ ತನಕ ಬಂಕಿನ ದರ ಕದಲಲಿಲ್ಲ. ಮಾರ್ಚ್ 22ರಿಂದ ಹೆಚ್ಚುಕಡಿಮೆ ದಿನವೂ ಏರತೊಡಗಿತು. ಸುಂಕದ ಬಹುಪಾಲು ಸೆಸ್ ಮತ್ತು ವಿಶೇಷ ಸುಂಕದ ರೂಪದಲ್ಲಿರುವುದರಿಂದ ರಾಜ್ಯಗಳಿಗೆ ಅದರಲ್ಲಿ ಪಾಲೂ ಇಲ್ಲ.

ಮುಂದಾಲೋಚನೆ ಕಾಣುವುದು ಕರಾವಳಿಯ ನೆಲದಡಿ. ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು ಮತ್ತು ವಿಶಾಖಪಟ್ಟಣದ ತೈಲಾಗಾರಗಳನ್ನು 2020ರ ಅಗ್ಗದ ತೈಲದಿಂದಲೇ ತುಂಬಿಸಲಾಯಿತು. ಆದರೆ ಮೂರೂ ಸೇರಿ 53.3 ಲಕ್ಷ ಟನ್, ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕು. ಅಗ್ಗದ ವರ್ಷಗಳಲ್ಲಿ ಬಂದ ಹೆಚ್ಚುವರಿ ಸುಂಕದ ಒಂದು ಪಾಲನ್ನು ಇಂಥ ದಾಸ್ತಾನಿಗೆ ಕಡ್ಡಾಯವಾಗಿ ತೆಗೆದಿಡುವ ಕಾನೂನನ್ನು ಸಂಸತ್ತು ಮುಂದಿನ ಯುದ್ಧಕ್ಕೆ ಮೊದಲೇ ಮಾಡಬೇಕು.