ವೀರಕಾವ್ಯದಲ್ಲಿ ಆಶ್ರಯದಾತನ ಸ್ಥಾನ

ನಮ್ಮ ವೀರಕಾವ್ಯವು ಚಂಪುವನ್ನು ಬಿಟ್ಟು ಷಟ್ಪದಿಯನ್ನು ಹಿಡಿದುದನ್ನೇ ದೊಡ್ಡ ಮಾರ್ಪಾಡೆಂದು ಎಣಿಸುವವರುಂಟು. ಛಂದಸ್ಸಿಗಿಂತ ಹೆಚ್ಚಾಗಿ ಮಾರ್ಪಟ್ಟವನು ನಾಯಕನೆಂದು ನನ್ನ ಅಭಿಪ್ರಾಯ.

ಕ್ರಿ. ಶ. 941ರ ಸುಮಾರಿನ ವಿಕ್ರಮಾರ್ಜುನವಿಜಯದಲ್ಲಿ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ವರ್ಣಿಸಿದನು. ಅದರಿಂದ ಕಥೆಯೇ ಬಾಗಬೇಕಾಯಿತು: ದ್ರೌಪದಿಯು ಅರ್ಜುನನೊಬ್ಬನಿಗೇ ಪತ್ನಿ, ಕಡೆಯಲ್ಲಿ ಪಟ್ಟಾಭಿಷೇಕವೂ ಧರ್ಮರಾಯನಿಗಲ್ಲ, ಸುಭದ್ರಾಸಮೇತನಾದ ಅರ್ಜುನನಿಗೆ. ಇದು ಸಹಜವೆನಿಸದೆಂದು ಹೇಳದೆ ವಿಧಿಯಿಲ್ಲ. ಆದರೆ ಕರ್ಣನ ಬಳಿಗೆ ಬಂದಾಗ ಕವಿಹೃದಯವು ಒಡೆಯನ ಋಣವನ್ನು ಮರೆತಂತೆ ತೋರುವುದು.

ರನ್ನನಲ್ಲಿ ಈ ಬಿರುಕು ಇನ್ನೂ ಅಗಲವಾಯಿತು. ಸತ್ಯಾಶ್ರಯನನ್ನು ಭೀಮನೆಂದು ಕೊಂಡಾಡಿದ ಗದಾಯುದ್ಧದಲ್ಲಿ, ರಣರಂಗದ ಹೆಣಗಳ ನಡುವೆ ಮರುಗುತ್ತ ನಡೆಯುವ ದುರ್ಯೋಧನನೇ ಓದುಗರ ಮನಸ್ಸಿನಲ್ಲಿ ಉಳಿಯುವನು.

15ನೆಯ ಶತಮಾನದ ಕುಮಾರವ್ಯಾಸನಿಗೆ ಒಡೆಯನು ಗದುಗಿನ ವೀರನಾರಾಯಣ. ಕಥೆಗೆ ನಾಯಕನು ಕೃಷ್ಣ. ಅರಸನನ್ನು ಮೆಚ್ಚಿಸುವ ಹಂಗಿಲ್ಲದುದರಿಂದ ದ್ರೌಪದಿಗೆ ಐವರು ಪತಿಗಳೂ ಮರಳಿ ದೊರೆತರು.