ಸ್ಕ್ರಾಲ್ ಲಾಕ್ ಕೀಲಿ ಯಾರದು?

ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳೆಯ ಡಿಟಿಪಿ ಸೆಂಟರುಗಳಲ್ಲಿ ಮೇಜಿನ ಕೆಳಗೆ ಎರಡು ಸಿಪಿಯು ಇಟ್ಟುಕೊಂಡಿರುವುದು ಅಪರೂಪವೇನಲ್ಲ. ಒಂದರಲ್ಲಿ ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ಕನ್ನಡ ಟೈಪಿಗೆ ನುಡಿ, ತೆಲುಗು ಕೆಲಸಕ್ಕೆ ಅನು. ಇನ್ನೊಂದರಲ್ಲಿ ಹೊಸ ವಿಂಡೋಸ್, ಕೋರೆಲ್ ಡ್ರಾ, ಇಂಟರ್ನೆಟ್ಟು, ಆನ್‌ಲೈನ್ ಅರ್ಜಿಗಳು. ಮೇಜು ಮಾತ್ರ ಒಂದೇ, ಕೂರುವವರೂ ಒಬ್ಬರೇ. ಎರಡಕ್ಕೂ ಸೇರಿ ಒಂದು ಮಾನಿಟರ್, ಒಂದು ಕೀಬೋರ್ಡ್, ಒಂದು ಮೌಸ್ ಸಾಲದೇ ಎಂಬ ಪ್ರಶ್ನೆ ಅಲ್ಲಿ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಪೇಟೆಯಲ್ಲಿ ಇರುವ ಉತ್ತರಗಳನ್ನು ಕನ್ನಡ ಟೈಪ್ ಮಾಡುವ ಕೈಯ ಕಡೆಯಿಂದ ತೂಗಿ ನೋಡಬೇಕು ಎನ್ನುವುದು ನನ್ನ ಹಟ. ಈ ಸಾಧನಗಳ ಬಗ್ಗೆ ಸಿಗುವ ಶಿಫಾರಸುಗಳೆಲ್ಲ ಇಂಗ್ಲಿಷಿನಲ್ಲಿ ಟೈಪ್ ಮಾಡುವವರು ಬರೆದವು. ಅವರಿಗೆ ಕಾಣದ ತೊಡಕು ಇಲ್ಲಿ ಮೊದಲ ದಿನವೇ ಕಾಣುತ್ತದೆ.

ಹಳೆಯ ಸಿಪಿಯು ಯಾಕೆ ಇನ್ನೂ ಬೇಕು ಎಂದು ಕೇಳುವವರಿದ್ದಾರೆ. 2001ರಲ್ಲಿ ಬಂದ ಪೇಜ್‌ಮೇಕರ್ 7.0 ಆ ತಂತ್ರಾಂಶದ ಕೊನೆಯ ಸರಣಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಆದರೆ ಅಂಗಡಿಯ ಬದುಕು ಆ ತಾರೀಖುಗಳನ್ನು ಕೇಳುವುದಿಲ್ಲ. ಹತ್ತು ಹದಿನೈದು ವರ್ಷಗಳ ಲಗ್ನಪತ್ರಿಕೆ, ಕರಪತ್ರ, ದೇವಸ್ಥಾನದ ಜಾತ್ರೆ ಪಟ್ಟಿ, ಸಂಘದ ವಾರ್ಷಿಕ ವರದಿ ಎಲ್ಲವೂ ಆ ಹಾರ್ಡ್ ಡಿಸ್ಕಿನಲ್ಲಿವೆ. ಅವು ಯೂನಿಕೋಡ್ ಅಕ್ಷರಗಳಲ್ಲ. ಆಯಾ ಫಾಂಟಿನಲ್ಲಿ ಮಾತ್ರ ಕನ್ನಡವಾಗಿ ಕಾಣುವ ಸಂಕೇತಗಳು. ಕನ್ವರ್ಟ್ ಮಾಡಿದರೆ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ ಬೀಳುತ್ತದೆ, ಮತ್ತೆ ಕೂತು ಪ್ರೂಫ್ ನೋಡಬೇಕು. ಕೆಲವು ಭಾಷಾ ತಂತ್ರಾಂಶಗಳಿಗೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಲಾಕ್ ಬೇರೆ ಇರುತ್ತದೆ. ಅದು ಹೊಸ ಯಂತ್ರಕ್ಕೆ ಒಗ್ಗದಿದ್ದರೆ ಹಳೆಯದನ್ನೇ ಜೀವಂತವಾಗಿ ಇಟ್ಟುಕೊಳ್ಳಬೇಕು.

ಆಂಧ್ರದ ಗಡಿಯ ಈ ಊರುಗಳಲ್ಲಿ ಇನ್ನೂ ಒಂದು ಕಾರಣವಿದೆ. ಬೀಗರು ಪುಂಗನೂರು, ಪಲಮನೇರು, ಮದನಪಲ್ಲಿ ಕಡೆಯವರಾದರೆ ಕಾರ್ಡು ತೆಲುಗಿನಲ್ಲೂ ಬೇಕಾಗುತ್ತದೆ. ಕನ್ನಡದ ಕಾರ್ಡಿನಲ್ಲಿ ವಧುವಿನ ಹೆಸರಿನ ಹಿಂದೆ 'ಚಿ॥ ಕುಂ॥ ಸೌ॥' ಬಂದರೆ ತೆಲುಗಿನದರಲ್ಲಿ 'ಚಿ.ಲ.ಸೌ.' ಬರಬೇಕು. ಒಂದೇ ಮದುವೆ, ಎರಡು ಲಿಪಿ, ಎರಡು ತಂತ್ರಾಂಶ. ಹೆಣ್ಣಿನ ಕಡೆಯವರು ಹೆಸರೊಂದನ್ನು ಸೇರಿಸಿ ಎಂದರೆ ಎರಡೂ ಕಡೆ ಸೇರಿಸಬೇಕು, ಅದೂ ಎದುರು ನಿಂತು ಕಾಯುತ್ತಿರುವಾಗ.

ಇಂಥ ಮೇಜಿಗೆ ಮೊದಲು ಸಿಗುವ ಪರಿಹಾರ ಕೆವಿಎಂ ಸ್ವಿಚ್. ಬೆಂಗಳೂರಿನ ಎಸ್.ಪಿ. ರಸ್ತೆಗೆ ಟೋನರ್ ತರಲು ಹೋದವರು ಜೊತೆಗೆ ತರಬಹುದಾದ ಅಂಗೈಯಗಲದ ಪೆಟ್ಟಿಗೆ. ಎರಡೂ ಸಿಪಿಯುಗಳಿಂದ ಒಂದೊಂದು ವಿಡಿಯೋ ಕೇಬಲ್, ಒಂದೊಂದು ಯುಎಸ್‌ಬಿ ಕೇಬಲ್ ಒಳಗೆ ಹೋಗುತ್ತವೆ. ಮಾನಿಟರ್, ಕೀಬೋರ್ಡ್, ಮೌಸ್ ಆ ಪೆಟ್ಟಿಗೆಗೇ ಸೇರುತ್ತವೆ. ಗುಂಡಿ ಒತ್ತಿದರೆ ಮೂರೂ ಒಟ್ಟಿಗೆ ಇನ್ನೊಂದು ಕಡೆಗೆ ಹೊರಳುತ್ತವೆ. ಕೈ ಕೀಬೋರ್ಡಿನಿಂದ ಎತ್ತದೆ ಬದಲಿಸಲು ಅನೇಕ ಪೆಟ್ಟಿಗೆಗಳಲ್ಲಿ ಒಂದು ಉಪಾಯವನ್ನೂ ಕೊಟ್ಟಿರುತ್ತಾರೆ: ಸ್ಕ್ರಾಲ್ ಲಾಕ್ ಕೀಲಿಯನ್ನು ಬೇಗ ಬೇಗ ಎರಡು ಸಲ ಒತ್ತುವುದು.

ತೊಂದರೆ ಶುರುವಾಗುವುದು ಇಲ್ಲೇ. ನುಡಿ ಬಳಸುವವರಿಗೆ ಸ್ಕ್ರಾಲ್ ಲಾಕ್ ಎಂದರೆ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ದಾಟುವ ಕೀಲಿ. ಪೆಟ್ಟಿಗೆ ಮಾಡಿದ ಎಂಜಿನಿಯರುಗಳ ಲೆಕ್ಕದಲ್ಲಿ ಅದು ಯಾರೂ ಮುಟ್ಟದ ಕೀಲಿ, ಅದಕ್ಕೇ ಸ್ವಿಚ್ಚಿನ ಕೆಲಸಕ್ಕೆ ಆರಿಸಿಕೊಂಡರು. ಕರ್ನಾಟಕದ ಡಿಟಿಪಿ ಮೇಜಿನಲ್ಲಿ ಅದು ದಿನಕ್ಕೆ ನೂರಾರು ಸಲ ಒತ್ತುವ ಕೀಲಿ. ವಿಳಾಸದ ನಡುವೆ ಒಂದು ಇಂಗ್ಲಿಷ್ ಅಕ್ಷರ ಹಾಕಬೇಕೆಂದು ಒತ್ತುತ್ತಾರೆ, ಬೇಡವೆನಿಸಿ ತಕ್ಷಣ ಮತ್ತೆ ಒತ್ತುತ್ತಾರೆ. ಪೆಟ್ಟಿಗೆ ಅದನ್ನು ತನಗೆ ಕೊಟ್ಟ ಆಜ್ಞೆ ಎಂದುಕೊಳ್ಳುತ್ತದೆ. ಸ್ಕ್ರೀನ್ ಕಪ್ಪಾಗುತ್ತದೆ, ಎರಡು ಮೂರು ಸೆಕೆಂಡು ಕಳೆದ ಮೇಲೆ ಇನ್ನೊಂದು ಸಿಪಿಯುವಿನಲ್ಲಿ ಅರ್ಧ ತುಂಬಿದ ಅರ್ಜಿ ಎದುರಿಗೆ ಬರುತ್ತದೆ. ಕೈಗಳಿಗೆ ಇನ್ನೂ ಸುದ್ದಿ ಮುಟ್ಟಿರುವುದಿಲ್ಲ, ಮುಂದಿನ ನಾಲ್ಕು ಅಕ್ಷರ ಆ ಅರ್ಜಿಯೊಳಗೆ ಬಿದ್ದಿರುತ್ತವೆ. ಆದ್ದರಿಂದ ಕನ್ನಡಿಗರು ಈ ಪೆಟ್ಟಿಗೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ. ಆ ಕೀಲಿಯನ್ನು ಬದಲಿಸಲು ಬರುತ್ತದೆಯೇ ಎಂದು ನೋಡಬೇಕು. ಕಂಟ್ರೋಲ್ ಅಥವಾ ಕ್ಯಾಪ್ಸ್ ಲಾಕ್‌ಗೆ ಬದಲಿಸಿಕೊಳ್ಳಲು ಬಿಡುವ ಪೆಟ್ಟಿಗೆಗಳಿವೆ, ಉಪಾಯವನ್ನೇ ನಿಲ್ಲಿಸಿಬಿಡುವ ಸೌಕರ್ಯ ಇರುವವೂ ಇವೆ. ಎರಡೂ ಇಲ್ಲದ ಪೆಟ್ಟಿಗೆ ಎಷ್ಟು ಅಗ್ಗವಾದರೂ ನುಡಿ ಮೇಜಿಗೆ ಬೇಡ. ಬರೀ ಗುಂಡಿಯ ಪೆಟ್ಟಿಗೆ ಅದಕ್ಕಿಂತ ಮೇಲು.

ಎರಡನೆಯ ಕೊರತೆ ಚಿತ್ರದ್ದು. ಮಾನಿಟರ್ ತನ್ನ ಹೆಸರು, ಅಳತೆ, ರೆಸಲ್ಯೂಷನ್ ಎಲ್ಲವನ್ನೂ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ. ಅಗ್ಗದ ಸ್ವಿಚ್ ಹೊರಳಿದ ಕೂಡಲೇ ಆ ಮಾತು ಕಡಿದುಹೋಗುತ್ತದೆ. ಮಾನಿಟರನ್ನೇ ಯಾರೋ ಕಿತ್ತುಕೊಂಡು ಹೋದರು ಎಂದು ಹಿಂದೆ ಉಳಿದ ಯಂತ್ರ ಭಾವಿಸುತ್ತದೆ. ಮರಳಿ ಬಂದಾಗ ತೆರೆದಿಟ್ಟ ಕಿಟಕಿಗಳೆಲ್ಲ ಮೂಲೆಗೆ ಸರಿದಿರುತ್ತವೆ, ಕೆಲವೊಮ್ಮೆ ರೆಸಲ್ಯೂಷನ್ನೇ ಇಳಿದು ಅಕ್ಷರಗಳು ದಪ್ಪಗಾಗಿರುತ್ತವೆ. ಒಂದು ಸಾಲು ಅರ್ಧ ಮಿಲಿಮೀಟರ್ ಸರಿಸಬೇಕೋ ಬೇಡವೋ ಎಂದು ನೋಡುತ್ತಿರುವ ಕಣ್ಣಿಗೆ ಇದು ಸಣ್ಣ ಕಿರುಕುಳವಲ್ಲ. ಮಾನಿಟರಿನ ಗುರುತನ್ನು ನೆನಪಿಟ್ಟುಕೊಂಡು ಎರಡೂ ಯಂತ್ರಗಳಿಗೆ ಸದಾ ಹೇಳುತ್ತಿರುವ ಪೆಟ್ಟಿಗೆಗಳು ಇವೆ. ಬೆಲೆ ಹೆಚ್ಚು, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಳೆಯ ಸಿಪಿಯುವಿಗೆ ಹದಿನೈದು ಪಿನ್ನಿನ ವಿಜಿಎ, ಹೊಸದಕ್ಕೆ ಎಚ್‌ಡಿಎಂಐ ಎಂಬ ಜಗಳವೂ ಇದೆ. ನಡುವೆ ಕನ್ವರ್ಟರ್ ಹಾಕಿದಷ್ಟೂ ಕೆಡುವ ಜಾಗಗಳು ಹೆಚ್ಚುತ್ತವೆ.

ಇನ್ನು ಪೆಟ್ಟಿಗೆಯೇ ಬೇಡ ಎನ್ನುವ ತಂತ್ರಾಂಶಗಳು. 2001ರಲ್ಲಿ ಕ್ರಿಸ್ ಶೋನಮನ್ ಬರೆದ ಸಿನರ್ಜಿ, ಅದರಿಂದ ಕವಲೊಡೆದ ಬ್ಯಾರಿಯರ್, ಇನ್‌ಪುಟ್ ಲೀಪ್. 2011ರಲ್ಲಿ ಮೈಕ್ರೋಸಾಫ್ಟಿನಲ್ಲಿ ಹುಟ್ಟಿ 2023ರಲ್ಲಿ ಪವರ್‌ಟಾಯ್ಸ್ ಒಳಗೆ ಸೇರಿದ ಮೌಸ್ ವಿದೌಟ್ ಬಾರ್ಡರ್ಸ್. 2022ರಲ್ಲಿ ಆಪಲ್ ತಂದ ಯೂನಿವರ್ಸಲ್ ಕಂಟ್ರೋಲ್. ಮೌಸನ್ನು ಸ್ಕ್ರೀನಿನ ಅಂಚಿಗೆ ಒಯ್ದರೆ ಅದು ಪಕ್ಕದ ಯಂತ್ರದ ಸ್ಕ್ರೀನಿನಲ್ಲಿ ಮೂಡುತ್ತದೆ. ನೋಡಲು ನಿಜಕ್ಕೂ ಚೆಂದ. ನಾಲ್ಕಾರು ಕೇಬಲ್ ಎಳೆಯುವ ಕಷ್ಟವನ್ನು ಬರೀ ನೆಟ್‌ವರ್ಕಿನಿಂದ ತಪ್ಪಿಸಿದ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಇವು ಹಂಚುವುದು ಕೀಬೋರ್ಡ್, ಮೌಸ್ ಮಾತ್ರ. ಮಾನಿಟರ್ ಎರಡು ಬೇಕೇ ಬೇಕು. ಎರಡೂ ಯಂತ್ರ ಒಂದೇ ನೆಟ್‌ವರ್ಕಿನಲ್ಲಿರಬೇಕು. ಬೆಂಬಲ ನಿಂತುಹೋದ ಎಕ್ಸ್‌ಪಿ ಯಂತ್ರವನ್ನು ನೆಟ್‌ವರ್ಕಿಗೆ ಎಳೆಯುವುದು ವೈರಸ್ಸಿಗೆ ಬಾಗಿಲು ತೆಗೆದಂತೆಯೇ ಸರಿ. ಅದನ್ನು ಯಾವುದಕ್ಕೂ ಜೋಡಿಸದೆ ಒಂಟಿಯಾಗಿ ಇಡುವುದರಲ್ಲೇ ಅದರ ಆಯುಸ್ಸಿದೆ.

ಇದಕ್ಕಿಂತ ಆಳದ ಕೊರತೆ ಕೀಲಿ ವಿನ್ಯಾಸದ್ದು. ಕೀಬೋರ್ಡಿಗೆ ಕನ್ನಡ ಗೊತ್ತಿಲ್ಲ, ಗೊತ್ತಿರುವುದು ಒಳಗಿನ ತಂತ್ರಾಂಶಕ್ಕೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ಬಳಸುವ ವಿನ್ಯಾಸದಲ್ಲಿ 'ದೊಡ್ಡ' ಎಂದು ಬರೆಯಲು ಡಿ, ಓ, ಡಬ್ಲ್ಯೂ, ಎಫ್, ಡಬ್ಲ್ಯೂ ಒತ್ತಬೇಕು. ಹೊಸ ಸಿಪಿಯುವಿನಲ್ಲಿ ವಿಂಡೋಸಿನ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್ ಕನ್ನಡ ಆರಿಸಿಕೊಂಡು ಅದೇ ಐದು ಕೀಲಿ ಒತ್ತಿದರೆ ಬರುವುದು ಹಲಂತ, ದ, ಐತ್ವ, ಗುಡಿಸು, ಮತ್ತೆ ಐತ್ವ. ಹಾಗಾಗಿ ಒಂದೇ ಕೀಬೋರ್ಡನ್ನು ಎರಡು ಯಂತ್ರಕ್ಕೆ ಹಂಚಿದ ಮಾತ್ರಕ್ಕೆ ಟೈಪ್ ಮಾಡುವವರಿಗೆ ಒಂದೇ ಕೀಬೋರ್ಡ್ ಸಿಕ್ಕಂತಾಗುವುದಿಲ್ಲ. ನೆಟ್‌ವರ್ಕಿನ ಮೂಲಕ ಕಳಿಸುವ ತಂತ್ರಾಂಶಗಳಲ್ಲಿ ಇದು ಇನ್ನೂ ಸಿಕ್ಕಾಗುತ್ತದೆ. ಸಿನರ್ಜಿಯ ಕುಟುಂಬದವು ಒತ್ತಿದ ಕೀಲಿಯನ್ನು ಮೊದಲ ಯಂತ್ರದ ವಿನ್ಯಾಸದ ಮೂಲಕವೇ ಅರ್ಥ ಮಾಡಿಕೊಂಡು ಆಚೆಗೆ ಕಳಿಸಲು ನೋಡುತ್ತವೆ. ಎರಡು ಕಡೆ ವಿನ್ಯಾಸ ಬೇರೆಯಾದರೆ, ಅದರಲ್ಲೂ ರೋಮನ್ ಅಲ್ಲದ ಲಿಪಿಯಾದರೆ, ಅಕ್ಷರಗಳು ತಪ್ಪಿಹೋಗುವುದು ಅವುಗಳ ಹಳೆಯ ಕಾಯಿಲೆ. ಪೆಟ್ಟಿಗೆ ಈ ವಿಷಯದಲ್ಲಿ ಪ್ರಾಮಾಣಿಕ. ಒತ್ತಿದ್ದನ್ನು ಒತ್ತಿದ ಹಾಗೇ ಮುಟ್ಟಿಸುತ್ತದೆ, ಅರ್ಥ ಮಾಡುವ ಕೆಲಸವನ್ನು ಆಚೆಯ ಯಂತ್ರಕ್ಕೇ ಬಿಡುತ್ತದೆ.

ಹೀಗಾಗಿ ಯಾವ ಸಾಧನ ತಂದರೂ ಎರಡೂ ಸಿಪಿಯುಗಳಲ್ಲಿ ಕೀಲಿ ವಿನ್ಯಾಸವನ್ನು ಒಂದೇ ಮಾಡಿಕೊಳ್ಳುವುದು ಮೊದಲ ಕೆಲಸ. ನುಡಿಯ ಈಚಿನ ಆವೃತ್ತಿಗಳು ಅದೇ ವಿನ್ಯಾಸದಲ್ಲಿ ಯೂನಿಕೋಡ್ ಕೊಡುತ್ತವೆ. ಲಿನಕ್ಸ್ ಹಾಕಿಕೊಂಡವರಿಗೆ ಕಗಪ ಹೆಸರಿನಲ್ಲಿ ಅದು ಸಿದ್ಧವಾಗಿಯೇ ಸಿಗುತ್ತದೆ. ವಿಂಡೋಸ್ 10ಕ್ಕೆ 2019ರಲ್ಲಿ ಸೇರಿದ ಕನ್ನಡ ಫೋನೆಟಿಕ್ ಹೆಸರಿನಲ್ಲಿ ಹತ್ತಿರ ಕಂಡರೂ ನಡತೆಯಲ್ಲಿ ಬೇರೆ, ನುಡಿಯ ಕೈಗೆ ಅದು ಒಗ್ಗುವುದಿಲ್ಲ.

ಮಾಲೂರಿನ ಕಥೆ ಬೇರೆ. ಅಲ್ಲಿಂದ ರೈಲು ಹತ್ತಿ ವೈಟ್‌ಫೀಲ್ಡ್‌ಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುವವರಲ್ಲಿ ಅನೇಕರು 2020ರ ನಂತರ ವಾರದ ಕೆಲವು ದಿನ ಮನೆಯಲ್ಲೇ ಕೂರುತ್ತಾರೆ. ಒಂದು ಕಂಪನಿಯ ಲ್ಯಾಪ್‌ಟಾಪ್, ಒಂದು ಸ್ವಂತದ್ದು. ಕಂಪನಿಯ ಯಂತ್ರದಲ್ಲಿ ಹೊರಗಿನ ತಂತ್ರಾಂಶ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ, ವಿಪಿಎನ್ ಹತ್ತಿದರೆ ಮನೆಯ ನೆಟ್‌ವರ್ಕಿನ ಸಂಪರ್ಕ ಕಡಿಯುವುದೂ ಉಂಟು. ಸಿನರ್ಜಿಯಂಥವು ಅಲ್ಲಿಗೇ ಮುಗಿದವು. ಇವರಿಗೆ ಒಳಗೇ ಕೆವಿಎಂ ಇರುವ, ಯುಎಸ್‌ಬಿ ಸಿ ತಂತಿ ಒಂದರಲ್ಲೇ ಚಿತ್ರ, ಕೀಬೋರ್ಡ್, ಚಾರ್ಜು ಮೂರೂ ಹರಿಯುವ ಮಾನಿಟರ್ ಒಳ್ಳೆಯದು. ದುಬಾರಿಯಾದರೂ ಅದೊಂದೇ ನನಗೆ ಪೂರ್ಣವೆನಿಸಿದ್ದು.

ಕೋಲಾರ ಸೀಮೆಯ ಡಿಟಿಪಿ ಅಂಗಡಿಗೆ ಅಷ್ಟು ಖರ್ಚು ಬೇಕಿಲ್ಲ. ನನ್ನ ಆಯ್ಕೆ ಎಲ್ಲಕ್ಕಿಂತ ಸರಳವಾದದ್ದು. ಮಾಮೂಲಿ ಮಾನಿಟರುಗಳಲ್ಲೇ ಬಹಳಷ್ಟಕ್ಕೆ ವಿಜಿಎ, ಎಚ್‌ಡಿಎಂಐ ಎರಡೂ ತೂತುಗಳಿರುತ್ತವೆ. ಹಳೆಯ ಸಿಪಿಯುವನ್ನು ಒಂದಕ್ಕೆ, ಹೊಸದನ್ನು ಇನ್ನೊಂದಕ್ಕೆ ನೇರವಾಗಿ ಸಿಕ್ಕಿಸಿ, ಕೀಬೋರ್ಡ್ ಮೌಸಿಗೆ ಮಾತ್ರ ಒಂದು ಯುಎಸ್‌ಬಿ ಸ್ವಿಚ್ ತಂದರೆ ಸಾಕು. ಕನ್ವರ್ಟರ್ ಬೇಡ. ಚಿತ್ರದ ದಾರಿಯಲ್ಲಿ ಪೆಟ್ಟಿಗೆಯೇ ಇಲ್ಲದ ಕಾರಣ ಅಕ್ಷರ ಮಸುಕಾಗುವ ಮಾತೂ ಇಲ್ಲ. ಬರೀ ಗುಂಡಿಯ ಯುಎಸ್‌ಬಿ ಸ್ವಿಚ್ ಕೀಲಿಗಳಿಗೆ ಕಿವಿಗೊಡುವುದಿಲ್ಲ, ಸ್ಕ್ರಾಲ್ ಲಾಕ್ ಮತ್ತೆ ನುಡಿಗೇ ಉಳಿಯುತ್ತದೆ. ಇದರ ದೋಷವನ್ನೂ ಹೇಳಬೇಕು: ಎರಡು ಗುಂಡಿ ಒತ್ತಬೇಕು, ಯುಎಸ್‌ಬಿ ಸ್ವಿಚ್ಚಿನದೊಂದು, ಮಾನಿಟರಿನದೊಂದು. ಕೆಲವು ಮಾನಿಟರುಗಳಲ್ಲಿ ಸೋರ್ಸ್ ಬದಲಿಸಲು ಮೆನುವಿನೊಳಗೆ ಮೂರು ಸಲ ಇಳಿಯಬೇಕು, ಆ ಪುಟ್ಟ ಗುಂಡಿಗಳು ಚೌಕಟ್ಟಿನ ಅಡಿಯಲ್ಲಿ ಕಣ್ಣಿಗೆ ಕಾಣದಂತೆ ಇರುತ್ತವೆ. ಆದ್ದರಿಂದ ಕೊಳ್ಳುವ ಅಂಗಡಿಯಲ್ಲೇ ನಿಂತು ಒತ್ತಿ ನೋಡಿ, ಸೋರ್ಸಿಗೆ ಒಂದೇ ಒತ್ತಿನ ಗುಂಡಿ ಇರುವ ಮಾನಿಟರ್ ತರಬೇಕು. ಹೊಸ ಸಿಪಿಯುವಿನಿಂದಲೇ ಮಾನಿಟರಿಗೆ ಆಜ್ಞೆ ಕಳಿಸಿ ಸೋರ್ಸ್ ಬದಲಿಸುವ ಪುಟ್ಟ ತಂತ್ರಾಂಶಗಳೂ ಉಂಟು, ಆದರೆ ಅದಕ್ಕೆ ಮಾನಿಟರ್ ಒಪ್ಪಬೇಕು.

ಕರೆಂಟಿನ ಲೆಕ್ಕವೂ ಸೇರಲಿ. ಒಂದು ಎಲ್‌ಇಡಿ ಮಾನಿಟರ್ ಇಪ್ಪತ್ತು ವ್ಯಾಟ್ ಆಸುಪಾಸು ಎಳೆಯುತ್ತದೆ. ಎರಡು ಸಿಪಿಯು ಹೊತ್ತಿರುವ ಸಣ್ಣ ಯುಪಿಎಸ್ಸಿನಿಂದ ಎರಡನೆಯ ಮಾನಿಟರನ್ನು ಇಳಿಸಿದರೆ, ಕರೆಂಟು ಹೋದಾಗ ಫೈಲ್ ಸೇವ್ ಮಾಡಿ ಮುಚ್ಚಲು ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ.

ಹಾಗೆ ಉಳಿದ ಎರಡನೆಯ ಮಾನಿಟರನ್ನು ಮೂಲೆಗೆ ಹಾಕಬಾರದು, ಯುಪಿಎಸ್ಸಿಗೆ ಸೇರಿಸದೆ ಗಿರಾಕಿಯ ಕಡೆಗೆ ತಿರುಗಿಸಬೇಕು. ರಾಜ್ಯದಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯ ಕಿಯಾಸ್ಕುಗಳಲ್ಲಿ ರೈತನ ಮುಖಕ್ಕೆ ಎದುರಾಗಿ ಎರಡನೆಯ ಸ್ಕ್ರೀನ್ ಇಟ್ಟಿದ್ದರು, ಒಳಗೆ ಕೂತವರು ಮಾಡುವುದು ಹೊರಗೆ ನಿಂತವರಿಗೂ ಕಾಣಲಿ ಎಂದು. ಆಧಾರ್ ನೋಂದಣಿಯಲ್ಲೂ ಅದೇ ಕ್ರಮ ಬಂತು. ಕಾರ್ಡು ಮಾಡಿಸಲು ಬಂದವರು ಈಗ ಕೌಂಟರಿನ ಮೇಲೆ ಬಾಗಿ, ಕತ್ತು ಹೊರಳಿಸಿ, 'ಅಣ್ಣಾ, ನಮ್ಮ ತಾತನ ಹೆಸರು ಬಿಟ್ಟೋಗಿದೆ ನೋಡಿ' ಎನ್ನುತ್ತಾರೆ. ಕಾಣದೆ ಹೋದದ್ದು ಅಚ್ಚಾದ ಮೇಲೆ ಕಂಡರೆ ಐನೂರು ಕಾರ್ಡು ದಂಡ. ಹೊಸ ಸಿಪಿಯುವಿಗೆ ಎರಡು ವಿಡಿಯೋ ತೂತುಗಳಿದ್ದರೆ ಒಂದನ್ನು ಈ ಮಾನಿಟರಿಗೆ ಕೊಟ್ಟು ಡ್ಯೂಪ್ಲಿಕೇಟ್ ಎಂದು ಆರಿಸಿದರೆ ಆಯಿತು. ಹಳೆಯದರಲ್ಲಿ ವಿಜಿಎ ಒಂದೇ ಇದ್ದರೆ ಒಂದು ಸ್ಪ್ಲಿಟರ್ ಸಾಕು. ಕನ್ನಡದ ಕಾರ್ಡನ್ನು ಹೆಣ್ಣಿನ ಕಡೆಯವರು, ತೆಲುಗಿನದನ್ನು ಗಂಡಿನ ಕಡೆಯವರು ನೇರವಾಗಿ ಓದಿಕೊಂಡು ತಪ್ಪು ಹೇಳಬಹುದು.