ಎರಡು ಕೊಳವೆ, ಮೂರನೆಯ ಕಣ್ಣು

ಹತ್ತು ಪಟ್ಟು ಹತ್ತಿರ ತೋರಿಸುವ ಬೈನಾಕ್ಯುಲರ್ ಕೈನಡುಕವನ್ನೂ ಹತ್ತು ಪಟ್ಟು ತೋರಿಸುತ್ತದೆ. ಕಣ್ಣಿಗೆ ಇದರಿಂದ ಅಂಥ ತೊಂದರೆಯೇನೂ ಇಲ್ಲ. ಕೊಂಬೆ ಅಲ್ಲಾಡುತ್ತಿರಲಿ, ನಾವು ಕೂತ ದೋಣಿ ತೂಗುತ್ತಿರಲಿ, ಒಂದರ ಬೆನ್ನಿಗೊಂದು ಬರುವ ನೋಟಗಳನ್ನು ಮಿದುಳು ಕೂಡಿಸಿಕೊಂಡು ಕೊಕ್ಕು ಹೇಗಿದೆ, ಹುಬ್ಬಿನ ಗೆರೆ ಎಲ್ಲಿಯವರೆಗೆ ಹರಿದಿದೆ ಎಂದು ಲೆಕ್ಕ ಹಾಕುತ್ತದೆ. ಕ್ಯಾಮೆರಾಕ್ಕೆ ಅಷ್ಟು ತಾಳ್ಮೆಯಿಲ್ಲ. ಶಟರ್ ತೆರೆದಷ್ಟು ಹೊತ್ತಿನಲ್ಲಿ ಏನಾಯಿತೋ ಅಷ್ಟೇ ಅದರ ಪಾಲು. ಆಗ ಕೈ ಅಲುಗಿತ್ತೆಂದರೆ ಹಕ್ಕಿಯೂ ಅಲುಗಿತು. ಬೈನಾಕ್ಯುಲರ್ ಒಳಗೇ ಡಿಜಿಟಲ್ ಕ್ಯಾಮೆರಾ ಕೂರಿಸುವ ಪ್ರಯತ್ನ ಶುರುವಾಗಿ ಇಪ್ಪತ್ತು ವರ್ಷ ಮೀರಿತು. ಅದು ಮತ್ತೆ ಮತ್ತೆ ಮುಗ್ಗರಿಸಿದ್ದು ಹೆಚ್ಚಾಗಿ ಈ ಜಾಗದಲ್ಲೇ. ನೋಡುವುದಕ್ಕೂ ಹಿಡಿದಿಡುವುದಕ್ಕೂ ಬೇಕಾದ ಗುಣಗಳು ಬೇರೆ ಬೇರೆ ಎಂಬುದನ್ನು ತಯಾರಕರು ಒಪ್ಪಿಕೊಳ್ಳಲು ಬಹಳ ತಡಮಾಡಿದರು.

ಆಸೆ ಮಾತ್ರ ಡಿಜಿಟಲ್ ಕಾಲಕ್ಕಿಂತ ಹಳೆಯದು. 1960ರ ದಶಕದ ಕೊನೆಯಲ್ಲೇ ಜಪಾನಿನಲ್ಲಿ ನಿಕ್‌ನಾನ್ ಎಂಬ 7x50 ಬೈನಾಕ್ಯುಲರ್ ಬಂದಿತ್ತು. 165 ಮಿ.ಮೀ. ಲೆನ್ಸು, 35 ಮಿ.ಮೀ. ಫಿಲ್ಮಿನ ಅರ್ಧ ಚೌಕಟ್ಟಿಗೆ ಒಂದರಂತೆ ಚಿತ್ರ. ಈಗ ಅದು ಹಳೆಯ ಕ್ಯಾಮೆರಾ ಕೂಡಿಡುವವರ ಕಪಾಟಿನಲ್ಲಿ ಕಾಣಸಿಗುವ ವಸ್ತು.

2000ದ ನಂತರದ ಕೆಲವೇ ವರ್ಷಗಳಲ್ಲಿ ಸೆನ್ಸರ್ ಅಗ್ಗವಾಯಿತು; ಬುಶ್ನೆಲ್, ಮೀಡ್, ಸೆಲೆಸ್ಟ್ರಾನ್, ಪೆಂಟಾಕ್ಸ್ ಹೀಗೆ ಹಲವು ಕಂಪನಿಗಳು ಕ್ಯಾಮೆರಾ ಇರುವ ಬೈನಾಕ್ಯುಲರ್ ಮಾರಿದವು. ಬಹುಪಾಲಿನ ಒಳರಚನೆ ಒಂದೇ. ಕಣ್ಣುಗಳಿಗೆ ಎರಡು ಕೊಳವೆ, ಅವುಗಳ ನಡುವೆ ಸಣ್ಣದೊಂದು ಮೂರನೆಯ ಲೆನ್ಸು, ಅದರ ಹಿಂದೆ ಎರಡು ಮೂರು ಮೆಗಾಪಿಕ್ಸೆಲ್ಲಿನ ಸೆನ್ಸರ್, ಮೇಲೆ ಮಡಚಿ ಎತ್ತುವ ಪುಟ್ಟ ಪರದೆ. ಕಣ್ಣಿಗೆ ಹೋಗುವ ಬೆಳಕನ್ನೇ ಸೀಳಿ ಸ್ವಲ್ಪವನ್ನು ಸೆನ್ಸರಿಗೆ ಕೊಡಬಹುದಿತ್ತು. ಆದರೆ ಮುಂಜಾನೆಯ ಮಬ್ಬಿನಲ್ಲಿ ಒಂದೊಂದು ಹನಿ ಬೆಳಕಿಗೂ ಬೆಲೆಯಿರುವ ಉಪಕರಣದಲ್ಲಿ ಅದು ದುಬಾರಿ ಔದಾರ್ಯ. ಹಾಗಾಗಿ ಕ್ಯಾಮೆರಾಕ್ಕೆ ಬೇರೆಯದೇ ದಾರಿ.

ಬೇರೆ ದಾರಿ ಎಂದಮೇಲೆ ನೋಟವೂ ಬೇರೆ. ಐವತ್ತು ಮೀಟರ್ ದೂರದ ಮರಕ್ಕೆ ಗುರಿಯಿಟ್ಟಾಗ ಲೆನ್ಸುಗಳ ನಡುವಿನ ಮೂರು ನಾಲ್ಕು ಸೆಂಟಿಮೀಟರ್ ಅಂತರ ಲೆಕ್ಕಕ್ಕಿಲ್ಲ. ಮೂರು ಮೀಟರಿನಲ್ಲಿ ಕೂತ ಚಿಟ್ಟೆಗೆ ಅದೇ ಅಂತರ ಸಾಕಷ್ಟಾಯಿತು. ಕಣ್ಣಿಗೆ ನಡುವಿನಲ್ಲಿದ್ದ ಚಿಟ್ಟೆ ಚಿತ್ರದಲ್ಲಿ ಅಂಚಿನ ಕಡೆಗೆ ಸರಿದಿರುತ್ತದೆ. ಅದಕ್ಕಿಂತ ಕಿರಿಕಿರಿ ಫೋಕಸ್ಸಿನದು. ಆ ಕಾಲದ ಅಗ್ಗದ ಮಾದರಿಗಳಲ್ಲಿ ಕ್ಯಾಮೆರಾದ ಫೋಕಸ್ ದೂರಕ್ಕೆ ಹೊಂದಿಸಿ ಬಿಗಿದದ್ದು. ನಡುವಿನ ಚಕ್ರ ತಿರುಗಿಸಿದರೆ ಕಣ್ಣಿಗೆ ಒಂದೊಂದು ಗರಿಯೂ ಸ್ಪಷ್ಟ, ಸೆನ್ಸರಿಗೆ ಆ ಚಕ್ರ ತಿರುಗಿದ್ದೇ ತಿಳಿಯದು. ಕಂಡದ್ದಕ್ಕೂ ಸಿಕ್ಕಿದ್ದಕ್ಕೂ ಸಂಬಂಧ ಕಡಿದದ್ದು ಇಲ್ಲಿ.

ಈ ಅಂತರ ಎಷ್ಟು ಎಂಬುದನ್ನು ಅಂಕಿಗಳಲ್ಲೇ ಹಿಡಿಯಬಹುದು. ಎಂಟು ಪಟ್ಟು ಹಿಗ್ಗಿಸುವ ನೋಟವನ್ನು ಹಳೆಯ 35 ಮಿ.ಮೀ. ಕ್ಯಾಮೆರಾದ ಭಾಷೆಯಲ್ಲಿ ಹೇಳಿದರೆ ಸುಮಾರು 400 ಮಿ.ಮೀ. ಲೆನ್ಸು. ಐವತ್ತು ಮೀಟರ್ ದೂರದಲ್ಲಿ ಅದರ ಚೌಕಟ್ಟಿನೊಳಗೆ ಬರುವುದು ನಾಲ್ಕೂವರೆ ಮೀಟರ್ ಅಗಲದ ಜಾಗ. ಎರಡು ಮೆಗಾಪಿಕ್ಸೆಲ್ ಸೆನ್ಸರಿನ ಒಂದು ಸಾಲಿನಲ್ಲಿ 1600 ಚುಕ್ಕೆ. ಅಲ್ಲಿ ಕೂತ ಬಿಳಿ ಎದೆಯ ಮಿಂಚುಳ್ಳಿಯ ಉದ್ದ 28 ಸೆಂಟಿಮೀಟರ್ ಎಂದುಕೊಂಡರೆ, ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಇಡೀ ಹಕ್ಕಿಗೆ ದಕ್ಕುವುದು ನೂರು ಚುಕ್ಕೆ. ಕೈನಡುಕ, ಫೋಕಸ್ಸಿನ ತಪ್ಪು, ಸೆನ್ಸರ್ ಬಣ್ಣ ಹೊಂದಿಸಿಕೊಳ್ಳುವಾಗ ಆಗುವ ನಷ್ಟ ಇಷ್ಟನ್ನೂ ಕಳೆಯಿರಿ. ನೀಲಿ, ಕಂದು, ಬಿಳಿ ಮೂರು ಮಚ್ಚೆ ಉಳಿದರೆ ಪುಣ್ಯ. ಅದೇ ಬೈನಾಕ್ಯುಲರಿನ ಕೊಳವೆಗಳಲ್ಲಿ ಇಣುಕಿದ ಕಣ್ಣಿಗೆ ಐವತ್ತು ಮೀಟರ್ ಎಂಬುದು ಆರು ಮೀಟರ್ ಚಿಲ್ಲರೆ. ಮಿಂಚುಳ್ಳಿ ಕಚ್ಚಿಕೊಂಡದ್ದು ಮೀನೋ ಏಡಿಯೋ ಎಂದು ಸಲೀಸಾಗಿ ಹೇಳಬಹುದು. ಗಾಜು ಕೊಟ್ಟ ಕಾಲುಭಾಗವನ್ನೂ ಕ್ಯಾಮೆರಾ ಉಳಿಸಿಕೊಳ್ಳಲಿಲ್ಲ.

ಚಿತ್ರ ಚೆಂದ ಬರದಿದ್ದರೇನು, ದಾಖಲೆಗಾದರೂ ಆದೀತಲ್ಲ ಎನ್ನುವವರಿದ್ದಾರೆ. ಹಕ್ಕಿ ನೋಡುವವರ ನಡುವೆ ಇದು ಗಟ್ಟಿಯಾದ ವಾದ. ಒಂದು ನಿಜವಾದ ಸಂದರ್ಭವನ್ನೇ ತೆಗೆದುಕೊಳ್ಳೋಣ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಮೈಸೂರಿನ ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಪ್ಲಾಸ್ಟಿಕ್ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳೂ ನಮ್ಮ ಕೆರೆಗಳಲ್ಲಿ ಕಂಡುಬಂದಿವೆ. ಪಟ್ಟಿಯ ಮೇಲಿನ ಅಕ್ಷರ, ಅಂಕಿ ಓದಿ ತಿಳಿಸಿದರೆ ಆ ಹಕ್ಕಿ ಹಿಮಾಲಯ ದಾಟಿ ಎಲ್ಲಿಂದ ಎಲ್ಲಿಗೆ ಬಂತೆಂಬುದಕ್ಕೆ ಒಂದು ಸಾಕ್ಷಿ ಸೇರಿದಂತೆ. ಚಿತ್ರ ಚೆಂದವಿರಬೇಕಿಲ್ಲ, ಅಕ್ಷರ ಓದುವಂತಿದ್ದರೆ ಸಾಕು. ಕ್ಯಾಮೆರಾ ಬೈನಾಕ್ಯುಲರ್ ಬೆಲೆಯೇನೆಂದು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಹೊಳೆಯುವುದಿಲ್ಲ.

ಅಕ್ಷರ ಎರಡು ಸೆಂಟಿಮೀಟರ್ ಎತ್ತರವಿದೆ, ಬಾತು ನೂರು ಮೀಟರ್ ಆಚೆ ದಂಡೆಯಲ್ಲಿ ಹುಲ್ಲು ಮೇಯುತ್ತಿದೆ ಎಂದಿಟ್ಟುಕೊಳ್ಳಿ. ಎಂಟು ಪಟ್ಟಿನ ಕೊಳವೆಯಲ್ಲಿ ಅದು ಹನ್ನೆರಡೂವರೆ ಮೀಟರಿಗೆ ಬಂತು. ಒಳ್ಳೆಯ ಕಣ್ಣು, ಒಳ್ಳೆಯ ಬೆಳಕು ಇದ್ದರೆ ಪ್ರಯಾಸಪಟ್ಟು ಓದಬಹುದು. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆ ಅಕ್ಷರದ ಎತ್ತರಕ್ಕೆ ಬೀಳುವುದು ಮೂರೂವರೆ ಚುಕ್ಕೆ. ಮೂರೂವರೆ ಚುಕ್ಕೆಯಲ್ಲಿ ಯಾವ ಅಕ್ಷರವನ್ನೂ ಬರೆಯಲಾಗದು, ಓದುವ ಮಾತು ಹಾಗಿರಲಿ. ಸಾಕ್ಷಿ ಹೇಳಬೇಕಾದ ಯಂತ್ರ ಇಲ್ಲಿ ಕಣ್ಣಿಗಿಂತ ಮಂದ. ಓದಿದ್ದನ್ನು ಪಕ್ಕದ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುವುದೇ ಲೇಸು.

2011ರಲ್ಲಿ ಸೋನಿ ಈ ಗಂಟನ್ನು ಬಿಚ್ಚುವ ಬದಲು ಕತ್ತರಿಸಿಬಿಟ್ಟಿತು. ಡಿಇವಿ-3 ಮತ್ತು ಡಿಇವಿ-5ರಲ್ಲಿ ಕಣ್ಣಿಗೆ ನೇರವಾಗಿ ಗಾಜಿನ ದಾರಿಯೇ ಇಲ್ಲ. ಎರಡು ಲೆನ್ಸು, ಎರಡು ಸೆನ್ಸರ್, ಕಣ್ಣಿನ ಮುಂದೆ ಎರಡು ಪುಟ್ಟ ಪರದೆ. ನೀವು ನೋಡುವುದೇ ವಿಡಿಯೊ, ಆದ್ದರಿಂದ ಕಂಡದ್ದೇ ದಾಖಲಾಗುತ್ತದೆ. ನಡುಕ ತಡೆಯುವ ವ್ಯವಸ್ಥೆ, ತಾನಾಗಿ ಆಗುವ ಫೋಕಸ್, ಅಂದಿನ ಹುಚ್ಚಾಗಿದ್ದ 3ಡಿ ವಿಡಿಯೊ, ಡಿಇವಿ-5ರಲ್ಲಿ ಜಿಪಿಎಸ್ ಕೂಡ. 2013ರ ಡಿಇವಿ-50 ಮಳೆ, ದೂಳಿಗೂ ಅಂಜದೆ ಬಂತು. ತರ್ಕದ ಮಟ್ಟಿಗೆ ಈ ಸಾಲಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಉಪಕರಣ ಇದೇ ಎನ್ನುತ್ತೇನೆ, ಅದರ ಗತಿ ಏನಾದರೂ ಆಗಿರಲಿ. ಕಂಡದ್ದಕ್ಕೂ ಸಿಕ್ಕಿದ್ದಕ್ಕೂ ನಂಟು ಕೂಡಿಬಂದದ್ದು ಇಲ್ಲಿ.

ಆದರೆ ಅದಕ್ಕಾಗಿ ಕೊಟ್ಟದ್ದೇನು? ಹಾರುವ ಹಕ್ಕಿಯ ಹಿಂದೆ ಕೊಳವೆ ತಿರುಗಿಸಿದರೆ ಪರದೆ ಅರೆಕ್ಷಣ ಹಿಂದೆ ಬೀಳುತ್ತದೆ. ಮರದ ನೆರಳಿನ ಕಪ್ಪಿನಲ್ಲಿ ಗಾಜು ಹುಡುಕಿ ತೆಗೆಯುವ ವಿವರ ಅಂದಿನ ಪರದೆಯಲ್ಲಿ ಬರೀ ಮಸುಕು. ಬ್ಯಾಟರಿ ಸತ್ತರೆ ಕೊರಳಲ್ಲಿ ಉಳಿಯುವುದು ಒಂದು ಭಾರದ ಪೆಟ್ಟಿಗೆ, ಅದರಲ್ಲಿ ಬಸ್ಸಿನ ಬೋರ್ಡನ್ನೂ ನೋಡಲಾಗದು. ಆ ಸಾಲು ಅಲ್ಲಿಗೇ ನಿಂತಿತು.

ನಿಲ್ಲಿಸಿದ್ದು ಪ್ರತಿಸ್ಪರ್ಧಿ ಬೈನಾಕ್ಯುಲರುಗಳಲ್ಲ, ಕ್ಯಾಮೆರಾಗಳು. 2015ರಲ್ಲಿ ಬಂದ ನಿಕಾನ್ ಪಿ900, 83 ಪಟ್ಟು ಜೂಮ್ ಆಗಿ 2000 ಮಿ.ಮೀ. ಲೆನ್ಸಿಗೆ ಸಮನಾಗುತ್ತದೆ. ನಮ್ಮ ಹೆಬ್ಬಾತಿನ ಕೊರಳಿಗೆ ಅದನ್ನು ಗುರಿಯಿಟ್ಟರೆ ಅದೇ ನೂರು ಮೀಟರಿನಿಂದ ಅಕ್ಷರದ ಎತ್ತರಕ್ಕೆ ಐವತ್ತರಷ್ಟು ಚುಕ್ಕೆ ಬೀಳುತ್ತವೆ. ಬಿಸಿಲಿಗೆ ನೆಲದ ಮೇಲಿನ ಗಾಳಿ ಕುದಿಯದಿದ್ದರೆ ಮಂಗೋಲಿಯಾದ ಸಂಖ್ಯೆ ಕುಳಿತಲ್ಲೇ ಓದಬಹುದು. ನಮ್ಮ ಕೆರೆ ದಂಡೆಗಳಲ್ಲಿ, ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಹವ್ಯಾಸಿಗಳ ಕೊರಳಲ್ಲೆಲ್ಲ ಇಂಥ ಸೂಪರ್‌ಜೂಮ್ ನೇತಾಡುತ್ತಿದ್ದುದಕ್ಕೆ ಕಾರಣ ಇದು. ಇನ್ನೊಂದು ಕಡೆಯಿಂದ ಬಂದದ್ದು ಟೆಲಿಸ್ಕೋಪಿನ ಕಣ್ಣಿಗೆ ಕ್ಯಾಮೆರಾ ಹಚ್ಚುವ ಡಿಜಿಸ್ಕೋಪಿಂಗ್. 1999ರ ಸುಮಾರಿಗೆ ಮಲೇಶ್ಯಾದ ಲಾರೆನ್ಸ್ ಪೋ ಅದನ್ನು ಜನಪ್ರಿಯ ಮಾಡಿದರು. ಈಗ ಫೋನನ್ನೇ ಬೈನಾಕ್ಯುಲರ್ ಕೊಳವೆಗೆ ಬಿಗಿಯುವ ಪ್ಲಾಸ್ಟಿಕ್ ಅಡಾಪ್ಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಬಿಗಿಯುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ ಎಂಬುದೂ ನಿಜವೇ. ಆದರೂ ನಿಂತ ಕೊಕ್ಕರೆಗೆ, ಗೂಡಿನ ಮೇಲಿನ ಹೆಜ್ಜಾರ್ಲೆಗೆ ಅದು ಸಾಕು. ಕೊಕ್ಕರೆ ಬೆಳ್ಳೂರಿನಂಥ ಊರಿನಲ್ಲಿ, ಮನೆಯಂಗಳದ ಮರದಲ್ಲೇ ಗೂಡು ಕಟ್ಟುವ ಹಕ್ಕಿಗೆ, ಬೈನಾಕ್ಯುಲರಿಗಿಂತ ಒಳ್ಳೆಯ ಕತ್ತು ಮುಖ್ಯ.

ಈ ಹಿನ್ನೆಲೆಯಲ್ಲೇ 2024ರ ಜನವರಿಯಲ್ಲಿ ಆಸ್ಟ್ರಿಯಾದ ಸ್ವರೋವ್‌ಸ್ಕಿ ಆಪ್ಟಿಕ್ ತಂದ ಎಎಕ್ಸ್ ವಿಸಿಯೊವನ್ನು ನೋಡಬೇಕು. 10x32 ಬೈನಾಕ್ಯುಲರ್, ನಡುವೆ 13 ಮೆಗಾಪಿಕ್ಸೆಲ್ ಕ್ಯಾಮೆರಾ. ಮತ್ತೆ ಅದೇ ಮೂರನೆಯ ಕಣ್ಣು. ಸೋನಿಯ ದಾರಿ ಬಿಟ್ಟು ಇವರು ಕಣ್ಣಿಗೆ ಅಪ್ಪಟ ಗಾಜನ್ನೇ ಉಳಿಸಿಕೊಂಡರು. ಆ ಗಾಜಿನ ಗುಣದ ಬಗ್ಗೆ ತಕರಾರು ತೆಗೆಯುವವರು ಕಡಿಮೆ. ಬ್ಯಾಟರಿ ಮುಗಿದರೂ ಬೈನಾಕ್ಯುಲರ್ ಬೈನಾಕ್ಯುಲರಾಗಿಯೇ ಉಳಿಯುತ್ತದೆ. ಹಳೆಯ ಪಾಠ ಕಲಿತದ್ದು ಇಲ್ಲಿ ಕಾಣುತ್ತದೆ. ಆದರೆ ತೂಕ 1,090 ಗ್ರಾಂ. ಇದೇ ಅಳತೆಯ ಒಳ್ಳೆಯ ಸಾಮಾನ್ಯ ಬೈನಾಕ್ಯುಲರ್ 600 ಗ್ರಾಮಿನ ಆಸುಪಾಸು ತೂಗುತ್ತದೆ. ಕುದುರೆಮುಖದ ಏರು ಹತ್ತುವವರ ಕೊರಳು ಆ ಹೆಚ್ಚುವರಿ ಅರ್ಧ ಕಿಲೋವನ್ನು ಮರೆಯಲು ಬಿಡುವುದಿಲ್ಲ. ಬಂದಾಗಿನ ಬೆಲೆ 4,600 ಯೂರೊ, ನಾಲ್ಕು ಲಕ್ಷ ರೂಪಾಯಿ ದಾಟಿತು, ಸುಂಕ ಬೇರೆ. ಚಿತ್ರದ ವಿಷಯದಲ್ಲಿ ಅದು ಕೂಡ ಸಾಧಾರಣವೇ. ಹೆಬ್ಬಾತಿನ ಪರೀಕ್ಷೆಯಲ್ಲಿ ಅದರ ಅಕ್ಷರಕ್ಕೂ ಸಿಗುವುದು ಬೆರಳೆಣಿಕೆಯ ಚುಕ್ಕೆ.

ಕಂಪನಿ ಇದನ್ನು ಮಾರುವುದು ಚಿತ್ರಕ್ಕಾಗಿ ಅಲ್ಲ, ಹೆಸರಿಗಾಗಿ. ಹಕ್ಕಿಯ ಹೆಸರು ಹೇಳುವ, ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಇದರೊಳಗಿದೆ. ನೋಟದಲ್ಲಿ ಮೂಡುವ ವೃತ್ತದೊಳಗೆ ಹಕ್ಕಿಯನ್ನು ತಂದು ಗುಂಡಿ ಒತ್ತಿದರೆ ಕ್ಯಾಮೆರಾ ಚಿತ್ರ ತೆಗೆದು, ಜಿಪಿಎಸ್ ಹೇಳುವ ಜಾಗದಲ್ಲಿ ಯಾವ ಹಕ್ಕಿ ಇರಬಹುದೆಂದು ಸೋಸಿ, ಹೆಸರನ್ನು ಕಣ್ಣಿನ ಮುಂದೆಯೇ ಬರೆಯುತ್ತದೆ. ಹಕ್ಕಿ ಮತ್ತಿತರ ಜೀವಿಗಳು ಸೇರಿ 9,000ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಬಲ್ಲದು ಎಂಬುದು ಕಂಪನಿಯ ಮಾತು. ಮನುಷ್ಯನಿಗೆ ಓದಲಾಗದಷ್ಟು ಸಣ್ಣ ಚಿತ್ರ ಯಂತ್ರಕ್ಕೆ ಹೆಸರು ಹೇಳಲು ಸಾಕಾಗುತ್ತದೆ. ಮಿಂಚುಳ್ಳಿಯ ನೂರು ಚುಕ್ಕೆ ನನಗೆ ಮಚ್ಚೆ, ಮರ್ಲಿನ್‌ಗೆ ಮಿಂಚುಳ್ಳಿ. ಚಿತ್ರವಾಗಿ ಸೋತದ್ದು ಸುಳಿವಾಗಿ ಗೆದ್ದಿದೆ ಎಂಬುದನ್ನು ಒಪ್ಪಲೇಬೇಕು.

ಆದರೆ ಹೊಸಬನಿಗೂ ಗೊತ್ತಿರುವ ಹಕ್ಕಿಯ ಹೆಸರನ್ನು ಅದು ಥಟ್ಟನೆ ಹೇಳುತ್ತದೆ, ಹಳಬನೂ ತಿಣುಕುವ ಹಕ್ಕಿಯ ಮುಂದೆ ತಾನೂ ತಿಣುಕುತ್ತದೆ. ಚಳಿಗಾಲಕ್ಕೆ ಪಶ್ಚಿಮ ಘಟ್ಟಕ್ಕೆ ಬರುವ ಎಲೆ ಉಲಿಯಕ್ಕಿಗಳನ್ನೇ ನೋಡಿ. ಎಲ್ಲವೂ ಹಸಿರು ಬೆನ್ನು, ಮಾಸಲು ಹೊಟ್ಟೆ, ತೆಳ್ಳನೆಯ ಹುಬ್ಬು. ಮರದ ತುದಿಯಲ್ಲಿ ಒಂದು ಗಳಿಗೆ ನಿಲ್ಲವು. ಒಂದನ್ನೊಂದು ಬೇರೆ ಮಾಡಲು ಪಳಗಿದವರು ನೆಚ್ಚುವುದು ಅವುಗಳ ಕೂಗನ್ನು. ಕೊಳವೆಯ ನಡುವಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಆದರೂ ಕಿವುಡು. ವಿಚಿತ್ರವೆಂದರೆ ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಮರ್ಲಿನ್ ಧ್ವನಿ ಕೇಳಿಯೂ ಹೆಸರು ಹೇಳುತ್ತದೆ. ನಾಲ್ಕು ಲಕ್ಷದ ಉಪಕರಣ ಹೇಳುವುದು ಚಿತ್ರ ನೋಡಿ ಮಾತ್ರ.

ಇನ್ನೊಂದು ತಕರಾರು ಆಯುಸ್ಸಿನದು. ನಲವತ್ತು ವರ್ಷದ ಹಿಂದಿನ ಒಳ್ಳೆಯ ಬೈನಾಕ್ಯುಲರ್ ಬೂಸು ಹಿಡಿಯದಿದ್ದರೆ ಇಂದಿಗೂ ಅಂದಿನಷ್ಟೇ ಚೊಕ್ಕ. ಅಪ್ಪನದು ಮಗಳಿಗೆ ಬರುತ್ತದೆ. ಮಲೆನಾಡಿನವರಿಗೆ ಬೂಸೇ ದೊಡ್ಡ ಶತ್ರು, ಅದು ಬೇರೆ ಮಾತು. ಕ್ಯಾಮೆರಾ ಇರುವುದಕ್ಕೆ ಗಾಜಿನ ಆಯುಸ್ಸಿಲ್ಲ, ಸಾಫ್ಟ್‌ವೇರಿನ ಆಯುಸ್ಸು. 2004ರ ಮಾದರಿಯ ಚಿತ್ರಗಳನ್ನು ಇಂದಿನ ಕಂಪ್ಯೂಟರಿಗೆ ಇಳಿಸಹೊರಟವರು ಮೊದಲು ಕೇಬಲ್ಲು, ಆಮೇಲೆ ಡ್ರೈವರ್ ಹುಡುಕುತ್ತ ಸುಸ್ತಾಗುತ್ತಾರೆ. ಎಎಕ್ಸ್ ವಿಸಿಯೊದ ಚಿತ್ರಗಳು ಫೋನಿಗೆ ಬರುವುದು ಕಂಪನಿಯ ಆ್ಯಪ್ ಮೂಲಕ. ಗಾಜು ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ಆ್ಯಪ್ ಮುಪ್ಪಾದರೆ ಅಷ್ಟು ದುಡ್ಡಿನ ಅರ್ಧ ಹೋದಂತೆಯೇ.

ಇಷ್ಟೆಲ್ಲ ಬೈದ ಮೇಲೂ ಅದರಲ್ಲಿರುವ ಒಂದು ಸೌಲಭ್ಯದ ಮೇಲೆ ನನಗೆ ಮೋಹವಿದೆ. ಜಾಹೀರಾತಿನಲ್ಲಿ ಅದಕ್ಕೆ ಎರಡನೆಯ ಜಾಗ, ನನ್ನ ಲೆಕ್ಕದಲ್ಲಿ ಮೊದಲನೆಯದು. ಹಕ್ಕಿ ನೋಡಲು ನಾಲ್ಕು ಜನ ಹೋದಾಗ ಅತ್ಯಂತ ಕಷ್ಟದ ಕೆಲಸ ಕಾಣುವುದಲ್ಲ, ತೋರಿಸುವುದು. "ಆ ಮತ್ತಿ ಮರ ಇದೆಯಲ್ಲ, ಅದರ ಕವಲು, ಎಡಗಡೆ ಕೊಂಬೆ, ಅಲ್ಲಲ್ಲ, ಅದರ ಹಿಂದಿನದು, ಒಣಗಿದ ಎಲೆ ಹತ್ತಿರ..." ಅಷ್ಟರಲ್ಲಿ ಒಣಗಿದ ಎಲೆಯಂತೆ ಕೂತಿದ್ದ ನತ್ತಿಂಗವೇ ಎದ್ದುಹೋಗಿರುತ್ತದೆ. ಎಎಕ್ಸ್ ವಿಸಿಯೊದಲ್ಲಿ ಮೊದಲು ಕಂಡವರು ಆ ಜಾಗವನ್ನು ಗುರುತು ಹಾಕಬಹುದು. ಬೈನಾಕ್ಯುಲರ್ ಪಕ್ಕದವರ ಕೈಗೆ ಕೊಟ್ಟರೆ ನೋಟದೊಳಗೆ ಬಾಣಗಳು ಮೂಡಿ, ಈ ಕಡೆ, ಇನ್ನೂ ಮೇಲೆ, ಇಲ್ಲೇ ಎಂದು ಕರೆದೊಯ್ಯುತ್ತವೆ. ಉಪಕರಣ ಇಲ್ಲಿ ಚಿತ್ರ ತೆಗೆಯುವುದಿಲ್ಲ, ಹೆಸರು ಹೇಳುವುದಿಲ್ಲ. ಒಬ್ಬರ ನೋಟವನ್ನು ಇನ್ನೊಬ್ಬರಿಗೆ ದಾಟಿಸುತ್ತದೆ. ನೋಡುವುದಕ್ಕೂ ಹಿಡಿದಿಡುವುದಕ್ಕೂ ನಡುವೆ ಇಪ್ಪತ್ತು ವರ್ಷದಿಂದ ನಡೆದ ಜಗಳದಲ್ಲಿ ಎರಡೂ ಕಡೆಯವರಿಗೆ ಅಡ್ಡಿಯಾಗದ ಕೆಲಸ ಇದೊಂದೇ.

ಕ್ಯಾಮೆರಾದ ಚಿತ್ರಕ್ಕಾಗಿ ಇದನ್ನು ಕೊಳ್ಳಬೇಡಿ; ಹಕ್ಕಿ ನೋಡಲು ಹೊಸದಾಗಿ ಹೊರಟವರಿಗೆ ಹದಿನೈದು ಸಾವಿರದೊಳಗಿನ ಒಂದು 8x42, ಫೋನಿನಲ್ಲಿ ಮರ್ಲಿನ್ ಸಾಕು. ಸಫಾರಿಗೆ ಜನರನ್ನು ಕರೆದೊಯ್ಯುವ ಗೈಡುಗಳಿಗೆ, ಶಾಲೆಯ ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋಗುವ ಮೇಷ್ಟರಿಗೆ ಆ ಬಾಣದ ಸೌಲಭ್ಯ ನಿಜವಾಗಿ ಉಪಯೋಗಕ್ಕೆ ಬಂದೀತು. ಅವರಿಗೆ ಕೊಳ್ಳುವ ಶಕ್ತಿ ಇಲ್ಲದಿರುವುದು ಒಂದು ತೊಡಕು. ಇನ್ನೊಂದು ತೊಡಕು, ಬಾಣ ಕಾಣುವುದು ಗುರುತು ಹಾಕಿದ ಅದೇ ಬೈನಾಕ್ಯುಲರಿನಲ್ಲಿ ಮಾತ್ರ. ಇಪ್ಪತ್ತು ಮಕ್ಕಳ ಸಾಲಿನಲ್ಲಿ ಅದು ಐದನೆಯವರ ಕೈ ಸೇರುವ ಹೊತ್ತಿಗೆ ಬಾಣ ಖಾಲಿ ಕೊಂಬೆಯನ್ನು ಬಹಳ ನಿಖರವಾಗಿ ತೋರಿಸುತ್ತಿರುತ್ತದೆ.